ಸಪ್ಪೆ ಪಾತ್ರೆ

ಹೆಗ್ಗನಹಳ್ಳಿಯಿಂದ ಮಾದಪ್ಪನ ಬೆಟ್ಟಕ್ಕೆ ನಡೆದು ಹೊರಟ ತಂಡದ ಹಿಂದೆಯೇ ಒಂದು ಟೆಂಪೋ ಬರುತ್ತಿತ್ತು. ಅದರ ತುಂಬ ಅನ್ನದ ಹಂಡೆ, ಸಾರಿನ ಕೊಳದಪ್ಪಲೆ, ಮುದ್ದೆ ಕೋಲು, ಗ್ಯಾಸ್ ಸಿಲಿಂಡರು, ಅಕ್ಕಿ ಮೂಟೆ. ಇವೆಲ್ಲದರ ಸಂದಿಯಲ್ಲಿ, ಅಲುಗಾಡದ ಹಾಗೆ ಹಳೇ ಸೀರೆಯಲ್ಲಿ ಸುತ್ತಿಟ್ಟ ಒಂದು ಸಣ್ಣ ಸ್ಟೀಲ್ ಪಾತ್ರೆ. ಅದರ ಹಿಡಿಗೆ ಕೆಂಪು ದಾರ ಕಟ್ಟಿತ್ತು.

"ಅದನ್ನ ಮುಟ್ಟಬೇಡ್ರಪ್ಪೋ, ಅದು ಅಂಜನಮ್ಮಂದು" ಎಂದು ಮುನಿತಾಯಮ್ಮ ಬಡಿಸುವ ಗಂಡಸರಿಗೆಲ್ಲ ಕೂಗಿ ಹೇಳುತ್ತಿದ್ದಳು. "ಅದರ ಸೌಟು ಇದಕ್ಕೆ ಹಾಕಿದ್ರೆ ಎಲ್ಲರ ಬಾಯೂ ಸಪ್ಪೆ ಆಗೋಗುತ್ತೆ. ಆಮೇಲೆ ಹೆಂಡ್ತೀರು ಮನೆಗೆ ಸೇರ್ಸಲ್ಲ ನೋಡಿ!"

ಎಲ್ಲರೂ ನಗುತ್ತಿದ್ದರು. ಅಂಜನಮ್ಮನೂ ನಗುತ್ತಿದ್ದಳು. ಆ ಪಾತ್ರೆಯಲ್ಲಿ ಬೇಯುತ್ತಿದ್ದದ್ದು ಉಪ್ಪಿಲ್ಲದ ಸಾರು. ಅದನ್ನು ಬೇಯಿಸುತ್ತಿದ್ದವಳು ಅವಳ ಸೊಸೆ ಶಶಿಕಲಾ.

ಅಂಜನಮ್ಮನ ಒಬ್ಬನೇ ಮಗ ಮಹದೇವ್ ಪೀಣ್ಯದಲ್ಲಿ ಲೇತ್ ಮೆಷಿನ್ನಿನ ಮುಂದೆ ನಿಲ್ಲುತ್ತಿದ್ದವನು. ಮಾದಪ್ಪನಿಗೆ ಹರಸಿಕೊಂಡ ಮೇಲೆ ಹುಟ್ಟಿದವನೆಂದು ಆ ಹೆಸರು. ಏಳು ವರ್ಷದ ಹಿಂದೆ ಮುಖ ಊದಿಕೊಂಡಿತು, ಕಾಲು ಊದಿಕೊಂಡಿತು, ಎರಡೂ ಕಿಡ್ನಿ ಹೋಗಿವೆ ಎಂದರು. ಅಲ್ಲಿಂದೀಚೆಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್. ಮೂವರೇ ಇರುವ ಆ ಮನೆಯಲ್ಲಿ ಅಡುಗೆ ಎರಡು ಥರ ಮಾಡುವುದು ಬೇಡವೆಂದು ಶಶಿಕಲಾ ಎಲ್ಲರಿಗೂ ಸಪ್ಪೆಯೇ ಮಾಡತೊಡಗಿದಳು. ಕಣ್ಣಿಗೆ ಬಿದ್ದರೆ ಕೈ ಹೋಗುತ್ತದೆ ಎಂದು ಉಪ್ಪಿನ ಡಬ್ಬವನ್ನೇ ಪಕ್ಕದ ಮನೆಯವರಿಗೆ ಕೊಟ್ಟುಬಿಟ್ಟಳು. ಬಾಳೆಹಣ್ಣು, ಎಳನೀರು ಹೊಸಲು ದಾಟಿ ಒಳಗೆ ಬರಲಿಲ್ಲ. ಕುಡಿಯುವ ನೀರಿಗೊಂದು ಸಣ್ಣ ಚೊಂಬು, ದಿನಕ್ಕೆ ಅಷ್ಟೇ. ಬೇಸಿಗೆಯ ಮಧ್ಯಾಹ್ನ ಮಹದೇವ್ ಆ ಚೊಂಬನ್ನು ಬೆಳಕಿಗೆ ಹಿಡಿದು ಇನ್ನೆಷ್ಟಿದೆ ಎಂದು ನೋಡುವಾಗ ಶಶಿಕಲಾ ಬೇರೆ ಕೋಣೆಗೆ ಹೋಗಿ ನಿಲ್ಲುತ್ತಿದ್ದಳು. ಅವನಿಗೆ ಕಾಣುವಂತೆ ಅವಳು ನೀರು ಕುಡಿದು ಎಷ್ಟೋ ಕಾಲವಾಗಿತ್ತು.

ಅಂಜನಮ್ಮ ತನ್ನ ಕಿಡ್ನಿ ಕೊಡುತ್ತೇನೆಂದಳು. ವಯಸ್ಸಾಗಿದೆ, ಸಕ್ಕರೆ ಕಾಯಿಲೆ ಇದೆ ಎಂದರು. ಶಶಿಕಲಾಳದ್ದು ಹೊಂದಲಿಲ್ಲ. ಉಳಿದದ್ದು ಸತ್ತವರ ಕಡೆಯಿಂದ ಬರುವುದಕ್ಕೆ ಕಾಯುವುದೊಂದೇ. ಹೋದ ವರ್ಷ ಒಂದು ಸಲ ಫೋನ್ ಬಂದಿತ್ತು. ಆಸ್ಪತ್ರೆಯ ಬೆಂಚಿನ ಮೇಲೆ ಇಡೀ ದಿನ ಏನೂ ತಿನ್ನದೆ ಮೂವರೂ ಕೂತಿದ್ದರು. ಸಂಜೆ ಒಬ್ಬಳು ನರ್ಸ್ ಬಂದು, "ಇನ್ನೊಬ್ಬರಿಗೆ ಚೆನ್ನಾಗಿ ಮ್ಯಾಚ್ ಆಯ್ತು, ನೀವು ಹೊರಡಬಹುದು" ಎಂದಳು. ಮಹದೇವ್ ಆಮೇಲೆಂದೂ ಆ ವಿಷಯ ಎತ್ತಲಿಲ್ಲ. ಅಂಜನಮ್ಮ ಮಾತ್ರ ಮನೆಗೆ ಬಂದವಳೇ ಮಾದಪ್ಪನ ಪಟದ ಮುಂದೆ ನಿಂತು ಹರಕೆ ಕಟ್ಟಿಕೊಂಡಳು. ಸೊಸೆಯನ್ನು ಪಕ್ಕಕ್ಕೆ ಕರೆದು ಹೇಳಿದಳು:

"ಇಷ್ಟು ದಿನ ಮನೇಲಿ ಸಪ್ಪೆ ತಿಂದೆ, ಮದುವೆಗೆ ಮುಂಜಿಗೆ ಹೋದಾಗ ಉಪ್ಪು ತಿಂದೆ. ಅದಕ್ಕೇ ಮಾದಪ್ಪ ಒಪ್ಕೊಂಡಿಲ್ಲ. ಇನ್ಮೇಲೆ ಎಲ್ಲೂ ಇಲ್ಲ. ನನ್ನ ಮಗನಿಗೆ ಕಿಡ್ನಿ ಸಿಗೋವರೆಗೂ ನನ್ನ ನಾಲಿಗೆ ಮೇಲೆ ಉಪ್ಪು ಬೀಳಬಾರ್ದು. ಸಿಕ್ಕಿದ ದಿನ ನೀನು ನಂಗೆ ಬಾಯಿ ಬಿಟ್ಟು ಹೇಳ್ಬೇಡ ಶಶಿ, ದೃಷ್ಟಿ ಆಗುತ್ತೆ. ಸುಮ್ನೆ ನನ್ನ ಸಾರಿಗೆ ಉಪ್ಪು ಹಾಕು. ನಂಗೆ ಗೊತ್ತಾಗುತ್ತೆ."

ಹಾಗೆ, ಹೊರಗೆ ಹೋದಾಗ ಗುರುತಿಗೆಂದು, ಆ ಪಾತ್ರೆಗೆ ಕೆಂಪು ದಾರ ಬಂತು.

ಈ ಶಿವರಾತ್ರಿಗೆ ಅತ್ತೆಯ ಜೊತೆ ನಡೆಯಬೇಕೆಂದು ಶಶಿಕಲಾ ಅಂದುಕೊಂಡಿರಲೇ ಇಲ್ಲ. ಹೊರಡಿಸಿದವನು ಮಹದೇವ್. "ಉಪ್ಪಿಲ್ಲದೆ ಈ ಬಿಸಿಲಲ್ಲಿ ನಡೆದ್ರೆ ಅಮ್ಮ ಬಿದ್ದೋಗ್ತಾಳೆ. ಒಬ್ಬಳನ್ನೇ ಕಳಿಸೋಕಾಗಲ್ಲ, ನೀನೂ ಹೋಗು" ಎಂದ. "ನಾಗೇಂದ್ರ ಇದಾನಲ್ಲ, ಆಟೋಲಿ ಕರ್ಕೊಂಡ್ಹೋಗಿ ಕರ್ಕೊಂಡ್ಬರ್ತಾನೆ. ಊಟ ಅವನ ಮನೆಯಿಂದ ಬರುತ್ತೆ. ಹೋಗಿ ಬಾ ಶಶಿ. ನೀನು ಈ ಮನೆ ಬಿಟ್ಟು ಆಚೆ ಮಲಗಿ ಎಷ್ಟು ವರ್ಷ ಆಯ್ತು ಹೇಳು." ನಾಗೇಂದ್ರ ಮೂಡಲಪಾಳ್ಯದವನು, ಮಹದೇವನ ಜೊತೆ ಐಟಿಐ ಓದಿದವನು, ಈಗ ಆಟೋ ಓಡಿಸುತ್ತಾನೆ. ಅವನ ಮೇಲೆ ನಂಬಿಕೆಯಿತ್ತು. ಅವಳು ಹೊರಟಳು.

ತಂಡದ ಯಜಮಾನ ದೊಡ್ಡಹನುಮಯ್ಯ. ಬಸ್ ಕಂಡಕ್ಟರಾಗಿ ರಿಟೈರಾದವನು. ಊಟದ ಸಾಲು ಕೂರಿಸುವಾಗಲೂ ಅವನ ಬಾಯಲ್ಲಿ ಹಳೇ ಮಾತೇ: "ಒಳಗೆ ಹೋಗಿ, ಒಳಗೆ ಹೋಗಿ, ಹಿಂದೆ ಜಾಗ ಖಾಲಿ ಐತೆ." ಎಲ್ಲರ ಎಲೆಗೂ ಬಡಿಸಿಯಾದ ಮೇಲೆ ಯಾರಾದರೊಬ್ಬರು "ಉಘೇ ಉಘೇ" ಎನ್ನಬೇಕು, ಉಳಿದವರು "ಉಘೇ ಮಾದಪ್ಪ" ಎನ್ನಬೇಕು. ಅಲ್ಲಿಯವರೆಗೂ ಯಾರೂ ಎಲೆಗೆ ಕೈ ಹಾಕುವಂತಿಲ್ಲ.

ಮೊದಲ ದಿನದ ಮಧ್ಯಾಹ್ನದ ಊಟ ಕೆಂಗೇರಿ ದಾಟಿದ ಮೇಲೆ, ಒಂದು ಕಲ್ಯಾಣಮಂಟಪದ ಕಾಂಪೌಂಡಿನ ನೆರಳಿನಲ್ಲಿ. ಬಡಿಸಿ ಮುಗಿಸಿದ ಶಶಿಕಲಾ ಕೊನೆಗೆ ಮುನಿತಾಯಮ್ಮನ ಪಕ್ಕ ಎಲೆ ಹಾಕಿಕೊಂಡು ಕೂತಳು. ಹುರುಳಿಕಾಳು ಸಾರು, ಬಿಸಿ ಮುದ್ದೆ, ಎಲೆಯ ತುದಿಗೆ ಮಾವಿನಕಾಯಿ ಉಪ್ಪಿನಕಾಯಿ. ಮೊದಲ ತುತ್ತು ನುಂಗಿದಾಗ ದವಡೆಯ ಎರಡೂ ಬದಿ ಹಿಡಿದುಕೊಂಡ ಹಾಗಾಯಿತು. ಕಣ್ಣಲ್ಲಿ ನೀರು ಬಂತು. ಖಾರಕ್ಕೆಂದು ಎಲ್ಲರೂ ಅಂದುಕೊಂಡರು. ಅವಳು ಮತ್ತೆ ಸಾರು ಹಾಕಿಸಿಕೊಂಡಳು, ಮತ್ತೊಂದು ಮುದ್ದೆ ಹಾಕಿಸಿಕೊಂಡಳು, ಉಪ್ಪಿನಕಾಯಿಯ ರಸವನ್ನು ಬೆರಳಿನಿಂದ ಒರೆಸಿ ನೆಕ್ಕಿದಳು.

"ನೋಡ್ರೇ ಇವಳನ್ನ! ನಿಮ್ಮತ್ತೆ ಮನೇಲಿ ಊಟ ಹಾಕಲ್ವೇನೇ?" ಎಂದಳು ಮುನಿತಾಯಮ್ಮ.

"ಹಾಕ್ತೀನಿ, ಇವಳಿಗೆ ಇಳಿಯಲ್ಲ" ಎಂದಳು ಅಂಜನಮ್ಮ, ತನ್ನ ಸಪ್ಪೆ ಸಾರಿನಲ್ಲಿ ಮುದ್ದೆ ಅದ್ದುತ್ತ. "ತಿನ್ನಲಿ ಬಿಡು. ಮಗು ತಿನ್ನಲಿ."

ನಲವತ್ತು ದಾಟಿದವಳನ್ನು ಅತ್ತೆ ಮಗು ಎಂದದ್ದಕ್ಕೆ ಶಶಿಕಲಾಳಿಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚು ನಾಚಿಕೆಯಾದದ್ದು ತನ್ನ ಹಸಿವಿಗೆ. ಅಂದು ಕಗ್ಗಲೀಪುರದ ಶಾಲೆಯ ಜಗುಲಿಯಲ್ಲಿ ಚಾಪೆಯ ಮೇಲೆ ಬಿದ್ದವಳಿಗೆ ಎಚ್ಚರವಾದದ್ದು ಬೆಳಗಿನ ಜಾವಕ್ಕೇ. ಮನೆಯಲ್ಲಿ ಅವಳು ಗಂಡನ ಎಡತೋಳಿನ ಮೇಲೆ ಅಂಗೈ ಇಟ್ಟೇ ಮಲಗುತ್ತಿದ್ದಳು. ಡಯಾಲಿಸಿಸ್ಸಿಗೆಂದು ರಕ್ತನಾಳ ಜೋಡಿಸಿದ ಜಾಗ ಅದು. ಒಳಗೆ ಜೇನುಹುಳ ಸಿಕ್ಕಿಕೊಂಡ ಹಾಗೆ ಸದಾ ಗುಂಯ್ ಎನ್ನುತ್ತಿತ್ತು. ಅದು ನಿಲ್ಲಬಾರದು, ನಿಂತರೆ ತಕ್ಷಣ ಬನ್ನಿ ಎಂದು ಹೇಳಿದ್ದರು. ಏಳು ವರ್ಷ ಅವಳು ನಿದ್ದೆಯಲ್ಲೂ ಅದಕ್ಕೆ ಕಾವಲು ಕೂತಿದ್ದಳು. ಜಗುಲಿಯಲ್ಲಿ ಎದ್ದಾಗ ಅಂಗೈ ಬರೀ ಚಾಪೆಯ ಮೇಲಿತ್ತು. ಮೈ ಹಗುರಾಗಿತ್ತು. ಅಯ್ಯೋ, ಒಂದು ಸಲವೂ ನೆನಪಾಗಲಿಲ್ಲವಲ್ಲ ಎಂದು ಅವಳು ಬೆಚ್ಚಿ ಕೂತಳು.

ದಾರಿಯುದ್ದಕ್ಕೂ ಕೊಡುವವರು. ಹಾರೋಹಳ್ಳಿಯಲ್ಲಿ ಮಜ್ಜಿಗೆ, ಕನಕಪುರದಲ್ಲಿ ಪಾನಕ ಕೋಸಂಬರಿ, ಎಲ್ಲೋ ಒಂದು ಕಡೆ ಯಾರದೋ ಮನೆಯ ಹೆಂಗಸರೆಲ್ಲ ಸಾಲಾಗಿ ನಿಂತು ಕಲ್ಲಂಗಡಿ ಹಣ್ಣು. ಅಂಜನಮ್ಮ ಮಜ್ಜಿಗೆ ಕಂಡರೆ ಕೈ ಮುಗಿದು ಮುಂದೆ ಹೋಗುತ್ತಿದ್ದಳು. "ಉಪ್ಪು ಹಾಕಿರ್ತಾರೆ" ಎಂದು ಸೊಸೆಗೆ ಪಿಸುಗುಡುತ್ತಿದ್ದಳು. "ನೀನು ಕುಡಿ." ಅವಳ ಹಿಮ್ಮಡಿ ಒಡೆದಿತ್ತು, ಮಾತು ಆಗಾಗ ತೊದಲುತ್ತಿತ್ತು. ಸಾತನೂರಿನ ಏರಿನಲ್ಲಿ ಮೀನಖಂಡ ಸೆಳೆದು ಕೂತವಳನ್ನು ಇಬ್ಬರು ಎತ್ತಬೇಕಾಯಿತು. ಟೆಂಪೋ ಹತ್ತು ಎಂದರೆ, "ಟೆಂಪೋ ಹತ್ತೋಕೆ ಮಾದಪ್ಪ ಏನು ಕೆಂಗೇರಿ ಸ್ಟ್ಯಾಂಡಲ್ಲಿ ಕೂತಿದಾನಾ?" ಎಂದು ದೊಡ್ಡಹನುಮಯ್ಯನಿಗೇ ಗದರಿದಳು.

ದಿನಾ ಶಶಿಕಲಾ ಮನೆಗೆ ಫೋನ್ ಮಾಡುತ್ತಿದ್ದಳು. ಡಯಾಲಿಸಿಸ್ ಇರುವ ದಿನವಾದರೆ, "ಹೋಗಿದ್ರಾ ರೀ?" "ಹೂಂ, ಹೋಗಿದ್ದೆ." "ಸುಸ್ತಾ?" "ಇಲ್ಲ, ಆರಾಮಾಗಿದೀನಿ." ಅಷ್ಟೇ ಮಾತು.

ದೊಡ್ಡಆಲಹಳ್ಳಿಯ ಹತ್ತಿರ, ಇನ್ನು ಮುಂದೆ ಕಾಡು, ಫೋನ್ ಸಿಗುವುದಿಲ್ಲ ಎಂದು ಎಲ್ಲರೂ ತಂತಮ್ಮ ಮನೆಗೆ ಮಾತಾಡತೊಡಗಿದರು. ತೋಟದ ರೈತನೊಬ್ಬ ರಾಶಿ ಹಾಕಿಕೊಂಡು ನಡೆಯುವವರಿಗೆಲ್ಲ ಎಳನೀರು ಕೆತ್ತಿ ಕೊಡುತ್ತಿದ್ದ. "ತಗೊಳ್ಳಿ ಅಕ್ಕ" ಎಂದು ಶಶಿಕಲಾಳ ಕೈಗೂ ಒಂದಿಟ್ಟ. ಅವಳು ಒಂದು ಹುಣಸೆಮರದ ಬುಡಕ್ಕೆ ಸರಿದು ನಿಂತು ಗಂಡನಿಗೆ ಫೋನ್ ಮಾಡಿದಳು.

"ಏನೋ ಸೊರ್ ಅಂತಿದೆ, ಏನ್ ಕುಡೀತಿದೀಯಾ?" ಎಂದ ಮಹದೇವ್.

ಅವಳು ಸಿಕ್ಕಿಬಿದ್ದವಳಂತೆ ಸ್ಟ್ರಾ ಬಾಯಿಂದ ತೆಗೆದಳು. "ಎಳನೀರು ಕೊಟ್ರು ರೀ. ಬೇಡ ಅನ್ನೋಕಾಗ್ಲಿಲ್ಲ."

"ಕುಡಿ, ಕುಡಿ. ನಾನೂ ಕುಡ್ದೆ ಇವತ್ತು. ಎರಡು."

ಅವಳು ನಕ್ಕಳು. ಆ ಕಡೆ ಅವನು ನಗಲಿಲ್ಲ.

"ತಮಾಷೆ ಮಾಡ್ತಿದೀರಾ?"

"ಇಲ್ಲ ಕಣೇ. ಒಳಗೆ ಗಂಜಿಯೂ ಇತ್ತು, ಎಳೇ ಗಂಜಿ. ಚಮಚದಲ್ಲಿ ತಿಂದೆ."

ಡಯಾಲಿಸಿಸ್ಸಿಗೆ ಹೋಗುವವನು ಎಳನೀರು ಮುಟ್ಟಿದರೆ ಎದೆ ನಿಂತುಹೋಗಬಹುದು. ಅದು ಅವನಿಗೆ ಅವಳಿಗಿಂತ ಚೆನ್ನಾಗಿ ಗೊತ್ತಿತ್ತು. ಅವಳು ಮರಕ್ಕೆ ಒರಗಿಕೊಂಡಳು.

"ರೀ, ಆಸ್ಪತ್ರೆಗೆ ಹೋಗಿದ್ರಾ ಇಲ್ವಾ?"

"ಇಲ್ಲ."

"ಯಾವತ್ತಿಂದ?"

"ನೀವು ಹೊರಟ ದಿನದಿಂದ." ಅವನ ಉಸಿರು ಮಾತಿನ ಮಧ್ಯೆ ನಿಂತು ನಿಂತು ಬರುತ್ತಿತ್ತು. ಅದನ್ನು ಅವಳು ಈಗ ಗಮನಿಸಿದಳು. "ನಾಗೇಂದ್ರನ್ನ ಬೈಬೇಡ. ಅವನು ಬಂದ, ಬಾಗಿಲು ಬಡ್ದ, ಅತ್ತ. ನಾನೇ ಹೋಗಲ್ಲ ಅಂದೆ."

"ಅಂದ್ರೆ ಬೇಕಂತಲೇ ನಮ್ಮಿಬ್ಬರನ್ನೂ ಕಳಿಸಿದ್ರಾ?"

"ನೀವಿದ್ರೆ ಬಿಡ್ತಿದ್ರಾ?" ಎಂದ ಅವನು. "ಎಷ್ಟು ನೀರು ಕುಡ್ದೆ, ಎಷ್ಟು ತೂಕ ಬಂತು, ತೋಳು ಗುಂಯ್ ಅಂತಿದೆಯಾ. ಏಳು ವರ್ಷದಲ್ಲಿ ನಾವು ಬೇರೆ ಏನಾದ್ರೂ ಮಾತಾಡಿದೀವಾ ಶಶಿ? ಸಾಕು ನಂಗೆ. ಅಮ್ಮಂಗೆ ಹೇಳ್ಬೇಡ. ಬೆಟ್ಟ ಹತ್ತಲಿ ಅವಳು."

ಸಿಗ್ನಲ್ ಹೋಯಿತೋ, ಅವನೇ ಇಟ್ಟನೋ. ಅವಳು ಮತ್ತೆ ಮಾಡಿದಳು. ಎತ್ತಲಿಲ್ಲ. ನಾಗೇಂದ್ರನಿಗೆ ಮಾಡಿದಳು; ಎರಡು ಮಾತಿಗೇ ಅವನು ಗಳಗಳ ಅತ್ತುಬಿಟ್ಟ. "ಅತ್ತಿಗೆ, ಅವನು ಆಣೆ ಹಾಕಿಸ್ಕೊಂಡ. ನಿಮಗೆ ಹೇಳಿದ್ರೆ ನನ್ನ ಹೆಣ ನೋಡ್ತೀಯ ಅಂದ." ಶಶಿಕಲಾ, "ಅಲ್ಲೇ ಇರಿ ಅಣ್ಣ, ಅವರನ್ನ ಬಿಟ್ಟು ಹೋಗ್ಬೇಡಿ" ಎಂದಷ್ಟೇ ಹೇಳಿದಳು.

"ನಡೀರಿ ನಡೀರಿ, ಮುಂದಿನ ಸ್ಟಾಪ್ ಸಂಗಮ!" ಎಂದು ದೊಡ್ಡಹನುಮಯ್ಯ ಕೂಗುತ್ತಿದ್ದ.

ಅವಳು ಆಗಲೇ ತಿರುಗಬೇಕಿತ್ತು. ರಸ್ತೆಗೆ ಹೋಗಿ ನಿಂತಿದ್ದರೆ ಯಾವುದಾದರೊಂದು ಬಸ್ಸೋ ಲಾರಿಯೋ ಸಿಗುತ್ತಿತ್ತು. ಆದರೆ ಅವಳ ಕಾಲು ತಂಡದ ಜೊತೆಯೇ ಹೋಯಿತು. ಹೋಗಿ ಏನು ಮಾಡುವುದು? ಎಳೆದುಕೊಂಡು ಹೋಗಿ ಸೂಜಿ ಚುಚ್ಚಿಸುವುದು. ಆಮೇಲೆ? ಮತ್ತೆ ಚೊಂಬು. ಮತ್ತೆ ತೂಕ. ಮತ್ತೆ ಆ ಬೆಂಚು. ಇಳಿಜಾರಿನ ದಾರಿಯಲ್ಲಿ ಒಣಗಿದ ಬಿದಿರು ಮೆಳೆಗಳ ನಡುವೆ ನಡೆಯುತ್ತ ಅವಳು ತನ್ನೊಳಗೆ ಅಳುವನ್ನು ಹುಡುಕಿದಳು. ಸಿಕ್ಕಿದ್ದು ಬೇರೆ ಏನೋ. ತಲೆಯ ಮೇಲಿನ ಹೊರೆಯನ್ನು ಯಾರೋ ಇಳಿಸುತ್ತಿದ್ದಾರೆ, ಕತ್ತು ಇನ್ನೂ ಅದನ್ನು ನಂಬುತ್ತಿಲ್ಲ, ಅಂಥದ್ದು. ಅದು ಏನೆಂದು ಗೊತ್ತಾದ ಕೂಡಲೇ ದಾರಿಯ ಬದಿಗೆ ಹೋಗಿ ಕುಡಿದ ಎಳನೀರನ್ನೆಲ್ಲ ಕಾರಿಕೊಂಡಳು.

"ಬಿಸಿಲು ಕಣೇ" ಎಂದು ಅಂಜನಮ್ಮ ಅವಳ ಬೆನ್ನು ನೀವಿದಳು. "ಅವನ ಹತ್ರ ಮಾತಾಡಿದ್ಯಾ? ಏನಂದ?"

"ಬೆಟ್ಟ ಹತ್ತಲಿ ಅಂದ್ರು, ಅತ್ತೆ."

"ಹತ್ತದೆ ಬಿಡ್ತೀನಾ" ಎಂದಳು ಅಂಜನಮ್ಮ.

ಸಂಗಮದಲ್ಲಿ ಕಾವೇರಿ ಬಂಡೆಗಳ ಸಂದಿಯಲ್ಲಿ ಸಪೂರವಾಗಿ ಹರಿಯುತ್ತಿದ್ದಳು. ಈ ದಡದಿಂದ ಆ ದಡಕ್ಕೆ ಹಗ್ಗ ಕಟ್ಟಿದ್ದರು. ಊಟ ಮಾಡಿ, ಹಗ್ಗ ಹಿಡಿದು ಹೊಳೆ ದಾಟಿ ಕಾಡು ಹೊಗಬೇಕು. ಟೆಂಪೋ ಹೊಳೆ ದಾಟುವುದಿಲ್ಲ. ಅದು ಹಿಂದಕ್ಕೆ ಸಾತನೂರಿಗೆ ಹೋಗಿ ಕೊಳ್ಳೇಗಾಲದ ಮೇಲೆ ಸುತ್ತಿಕೊಂಡು ಬೆಟ್ಟ ಸೇರುತ್ತದೆ. ಹಾಗಾಗಿ ಇಲ್ಲಿಯದು ತಂಡದ ಕೊನೆಯ ಬಿಸಿ ಊಟ.

ಶಶಿಕಲಾ ಒಲೆ ಹಚ್ಚಿದಳು. ದೊಡ್ಡ ಕೊಳದಪ್ಪಲೆಗೆ ಹುರುಳಿಕಾಳು ಸುರಿದಳು, ಪಕ್ಕದ ಒಲೆಯಲ್ಲಿ ಕೆಂಪು ದಾರದ ಪಾತ್ರೆ ಇಟ್ಟಳು. ಕಾಳು ಬೆಂದಿತು, ಖಾರ ಬಿತ್ತು, ಒಗ್ಗರಣೆ ಬಿತ್ತು. ಮುನಿತಾಯಮ್ಮ ಮುದ್ದೆ ತಿರುವುತ್ತ ತನ್ನ ಗಂಡನನ್ನು ಬೈಯುತ್ತಿದ್ದಳು. ಶಶಿಕಲಾಳ ಕಿವಿಯಲ್ಲಿ ಮಾತ್ರ ನಿಂತು ನಿಂತು ಬರುವ ಆ ಉಸಿರು. ಕೈ ತನ್ನ ಪಾಡಿಗೆ ತಾನು ಮಾಡುತ್ತಿತ್ತು.

ಎಲ್ಲರೂ ಸಾಲಾಗಿ ಕೂತರು. ಬಡಿಸಿದ್ದಾಯಿತು. ಉಘೇ ಎಂದದ್ದಾಯಿತು. ಅಂಜನಮ್ಮ ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ, ಬಾಯಿಗಿಟ್ಟುಕೊಂಡಳು. ನುಂಗಲಿಲ್ಲ. ಕೈ ಎಲೆಯ ಮೇಲೆಯೇ ನಿಂತಿತು.

"ಶಶೀ" ಎಂದಳು. ಆ ಸಣ್ಣ ಧ್ವನಿ ಅವಳದೇ ಅಲ್ಲವೇನೋ ಎನಿಸುವಂತಿತ್ತು. "ಸಿಕ್ತೇನೇ?"

ಶಶಿಕಲಾಳಿಗೆ ಮೊದಲು ಅರ್ಥವಾಗಲಿಲ್ಲ. ಅತ್ತೆಯ ಮುಖ ನೋಡಿದಳು. ಬಿಸಿಲಿಗೆ ಕಮರಿದ ಆ ಮುಖ ಒಳಗಿನಿಂದ ಯಾರೋ ದೀಪ ಹಿಡಿದ ಹಾಗೆ ಬೆಳಗುತ್ತಿತ್ತು. ಆಮೇಲೆ ತನ್ನ ಬಲಗೈ ನೋಡಿಕೊಂಡಳು. ಉಗುರಿನ ಸಂದಿಯಲ್ಲಿ ಇನ್ನೂ ಒಂದೆರಡು ಬಿಳಿಯ ಹರಳು ಅಂಟಿಕೊಂಡಿತ್ತು.

"ಏನು ಸಿಕ್ತು, ಏನು?" ಎಂದಳು ಮುನಿತಾಯಮ್ಮ.

"ಉಪ್ಪು ಹಾಕಿದಾಳೆ ಕಣೇ! ನನ್ನ ಸೊಸೆ ಉಪ್ಪು ಹಾಕಿದಾಳೆ!" ಅಂಜನಮ್ಮ ಬಿಕ್ಕಿ ಬಿಕ್ಕಿ ನಗುತ್ತಿದ್ದಳು. "ಬಾಯಿ ಬಿಟ್ಟು ಹೇಳ್ಬೇಡ ಅಂದಿದ್ದೆ, ನೆನಪಿಟ್ಕೊಂಡಿದಾಳೆ ನೋಡು!"

ಹರಕೆಯ ಕಥೆ ತಂಡದಲ್ಲಿ ಎಲ್ಲರಿಗೂ ಗೊತ್ತಿತ್ತು. ಸಾಲಿನ ಈ ತುದಿಯಿಂದ ಆ ತುದಿಗೆ ಸುದ್ದಿ ಓಡಿತು. "ನಾನು ಆಗಲೇ ಅಂದ್ಕೊಂಡೆ" ಎಂದ ದೊಡ್ಡಹನುಮಯ್ಯ. "ಹುಣಸೆಮರದ ಕೆಳಗೆ ಒಬ್ಬಳೇ ಫೋನಲ್ಲಿ ಮಾತಾಡ್ತಿದ್ಲು. ಆಸ್ಪತ್ರೆಯೋರದ್ದೇ ಇರ್ಬೇಕು ಅಂತ." ಯಾರೋ ಉಘೇ ಎಂದರು. ಎಲ್ಲರೂ ಎಂಜಲು ಕೈಯಲ್ಲೇ ಎದ್ದು ನಿಂತು ಉಘೇ ಮಾದಪ್ಪ ಎಂದು ಕೂಗಿದರು. ಆಚೆ ಬಂಡೆಯ ಮೇಲೆ ಕೂತಿದ್ದ ಬೇರೆ ತಂಡದವರೂ, ಏನೆಂದು ತಿಳಿಯದೆಯೇ, ಉಘೇ ಎಂದರು.

"ಅತ್ತೆ, ಅದು..." ಎಂದಳು ಶಶಿಕಲಾ.

ಅಂಜನಮ್ಮ ಎರಡನೇ ತುತ್ತು ಬಾಯಿಗಿಟ್ಟಿದ್ದಳು. ಮೂರನೆಯದು. ಗಲ್ಲದ ಮೇಲೆ ಸಾರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. "ಉಪ್ಪಿನಕಾಯಿ ಕೊಡ್ರೇ ಯಾರಾದ್ರೂ" ಎಂದು ಎಡಗೈ ಚಾಚಿದಳು. ಮುನಿತಾಯಮ್ಮ ಅಳುತ್ತಲೇ ಡಬ್ಬಿಯನ್ನು ಅವಳ ಎಲೆಗೆ ಸುರಿದಳು. ಮೊದಲ ದಿನ ಕೆಂಗೇರಿಯಲ್ಲಿ ತಾನು ತಿಂದ ಹಾಗೆಯೇ ಅತ್ತೆ ತಿನ್ನುತ್ತಿರುವುದನ್ನು ಶಶಿಕಲಾ ನೋಡಿದಳು.

ಹೊಳೆಯ ದಡದಲ್ಲಿ, ಎಲ್ಲರೂ ಸೀರೆ ಪಂಚೆ ಎತ್ತಿ ಕಟ್ಟುತ್ತಿದ್ದಾಗ, ಅವಳು ಇನ್ನೊಂದು ಸಲ ಪ್ರಯತ್ನಿಸಿದಳು. "ನಾನು ವಾಪಸ್ ಹೋಗ್ಬೇಕು ಅತ್ತೆ. ಟೆಂಪೋಲಿ ಸಾತನೂರಿಗೆ ಹೋಗಿ ಬಸ್ ಹಿಡೀತೀನಿ."

"ಹೋಗು, ಹೋಗು! ಆಪರೇಷನ್ನಿಗೆ ಸಹಿ ಹಾಕೋಕೆ ಹೆಂಡ್ತಿ ಬೇಕಲ್ಲ."

"ನೀವೂ ಬನ್ನಿ. ಒಂದ್ಸಲ ಅವರನ್ನ ನೋಡಿ. ಬೆಟ್ಟಕ್ಕೆ ಆಮೇಲೆ ಬರೋಣ."

"ಏನ್ ಮಾತಾಡ್ತೀಯೇ!" ಅಂಜನಮ್ಮನ ಕಣ್ಣಲ್ಲಿ ನಿಜವಾದ ಭಯ ಕಂಡಿತು. "ಕೊಟ್ಟೋನಿಗೆ ಮುಖ ತೋರಿಸದೆ ಅರ್ಧ ದಾರೀಲಿ ತಿರುಗಿದ್ರೆ ಕೊಟ್ಟಿದ್ದನ್ನ ಕಿತ್ಕೊಳ್ತಾನೆ. ನಾನು ಹೋಗ್ತೀನಿ. ಬೆಟ್ಟದ ಮೇಲೆ ಉರುಳು ಸೇವೆ ಮಾಡೇ ಬರೋದು."

"ಅತ್ತೆ, ಅವರು..."

"ಅವನಿಗೆ ಹೇಳು, ಅಮ್ಮ ಉಪ್ಪು ತಿಂದಳು ಅಂತ." ಮುದುಕಿ ಎರಡೂ ಕೈಯಿಂದ ಸೊಸೆಯ ಮುಖ ಸವರಿ, ಕೈಬೆರಳನ್ನು ತನ್ನ ನೆತ್ತಿಗೊತ್ತಿ ನೆಟಿಕೆ ಮುರಿದಳು. ಆ ಕೈ ಇನ್ನೂ ಉಪ್ಪಿನಕಾಯಿಯ ವಾಸನೆ ಹೊಡೆಯುತ್ತಿತ್ತು.

ಹಗ್ಗ ಹಿಡಿದು ಎಲ್ಲರೂ ಇಳಿದರು. ಸಾತನೂರಿನಲ್ಲಿ ಇಬ್ಬರು ಎತ್ತಬೇಕಾಗಿದ್ದ ಅಂಜನಮ್ಮ ಈಗ ಸೊಂಟದುದ್ದ ನೀರಿನಲ್ಲಿ ಯಾರ ತೋಳನ್ನೂ ಹಿಡಿಯದೆ ನಡೆದಳು. ನಡುಹೊಳೆಯಲ್ಲಿ ಒಮ್ಮೆ ತಿರುಗಿ ಕೈ ಎತ್ತಿದಳು. ಶಶಿಕಲಾಳೂ ಎತ್ತಿದಳು. ಬಾಯಿಗೆ ಕೈ ಅಡ್ಡ ಹಿಡಿದು ಒಂದು ಕೂಗು ಹಾಕಿದರೆ ಕೇಳಿಸುವಷ್ಟೇ ದೂರ. ಅವಳು ಕೂಗಲಿಲ್ಲ. ಆ ದಡದ ಮರಗಳೊಳಗೆ ಅತ್ತೆಯ ಹಳದಿ ಸೆರಗು ಕಾಣದಾಗುವವರೆಗೂ ನಿಂತಿದ್ದು, ಹೋಗಿ ಟೆಂಪೋ ಹತ್ತಿದಳು.

ತೊಳೆದ ಹಂಡೆಗಳ ನಡುವೆ ಕೂತು ಅವಳು ಫೋನ್ ನೋಡುತ್ತಲೇ ಇದ್ದಳು. ದೊಡ್ಡಆಲಹಳ್ಳಿಯಲ್ಲಿ ಸಿಗ್ನಲ್ ಬಂತು. ನಾಗೇಂದ್ರ ಎತ್ತಿದ. "ಮಲಗೋಕಾಗ್ತಿಲ್ಲ ಅತ್ತಿಗೆ, ಉಸಿರು ಕಟ್ಟುತ್ತೆ. ಗೋಡೆಗೆ ಒರಗಿಸಿ ಕೂರಿಸಿದೀನಿ. ಆಂಬುಲೆನ್ಸ್ ಅಂದ್ರೆ ಕೈ ಕೈ ಹಿಡ್ಕೊಳ್ತಾನೆ" ಎಂದು ಫೋನನ್ನು ಅವನ ಕಿವಿಗೆ ಹಿಡಿದ.

"ರೀ, ನಾನು ಬರ್ತಾ ಇದೀನಿ. ಆಸ್ಪತ್ರೆಗೆ ಹೋಗೋಣ."

"ಅಮ್ಮ?"

"ಹೊಳೆ ದಾಟಿದ್ರು." ಹೇಳಲೋ ಬೇಡವೋ ಎಂದು ತಡೆದಳು. "ಉಪ್ಪು ತಿಂದ್ರು."

"ಯಾಕೆ?"

"ಕೈ ತಪ್ಪಿ ಬಿತ್ತು. ಅವರು... ನಿಮಗೆ ಸಿಕ್ಕಿದೆ ಅಂದ್ಕೊಂಡ್ರು."

ಅವನು ನಕ್ಕನೋ ಕೆಮ್ಮಿದನೋ. ಆಮೇಲೆ ಒಂದೊಂದೇ ಪದ ಎತ್ತಿಟ್ಟ ಹಾಗೆ ಹೇಳಿದ: "ಆಸ್ಪತ್ರೆ ಬೇಡ ಶಶಿ. ಮನೆಗೆ ಬಾ. ಹುರುಳಿಕಾಳು ಸಾರು ಮಾಡು. ನಂಗೂ... ಕೈ ತಪ್ಪಿ ಹಾಕು."

ಅವಳು ಆಗಲ್ಲ ಎನ್ನಲಿಲ್ಲ. ಆಗಲಿ ಎಂದೂ ಅನ್ನಲಿಲ್ಲ. ಫೋನ್ ಕಟ್ಟಾಯಿತು.

ಟೆಂಪೋ ಏರು ಹತ್ತುತ್ತ ಕುಲುಕಿದಾಗ ಕೆಂಪು ದಾರದ ಪಾತ್ರೆ ಉರುಳಿ ಬಂದು ಅವಳ ಕಾಲಿಗೆ ತಾಗಿತು. ಗಡಿಬಿಡಿಯಲ್ಲಿ ಅದೊಂದನ್ನು ತೊಳೆದಿರಲಿಲ್ಲ. ಮುಚ್ಚಳ ತೆಗೆದರೆ ತಳದಲ್ಲಿ ಒಂದಿಷ್ಟು ಸಾರು ಉಳಿದಿತ್ತು. ಅವಳು ಬೆರಳು ಅದ್ದಿ ನಾಲಿಗೆಗಿಟ್ಟುಕೊಂಡಳು.

ಕೈ ತಪ್ಪಿ ಬಿದ್ದ ಉಪ್ಪಾಗಿದ್ದರೆ ಕೊಳದಪ್ಪಲೆಗೆ ಹಾಕುವ ಹಿಡಿ ಉಪ್ಪೇ ಬೀಳಬೇಕಿತ್ತು. ಅದು ಈ ಸಣ್ಣ ಪಾತ್ರೆಗೆ ಬಿದ್ದಿದ್ದರೆ ಬಾಯಿಗೆ ಇಡಲು ಆಗುತ್ತಿರಲಿಲ್ಲ. ಇದು ಹಾಗಿರಲಿಲ್ಲ. ಒಬ್ಬರ ಊಟಕ್ಕೆ ಎಷ್ಟು ಬೇಕೋ ಅಷ್ಟೇ, ಮೂರು ಬೆರಳಿನಲ್ಲಿ ಹಿಡಿದು ಹಾಕಿದ ಹಾಗೆ, ಹದವಾಗಿತ್ತು. ಅವಳು ಮತ್ತೊಮ್ಮೆ ರುಚಿ ನೋಡಿದಳು. ಮುಚ್ಚಳ ಮುಚ್ಚಿದಳು. ಉಪ್ಪು ಹಾಕಿದ್ದು, ಅತ್ತೆಗೆ ಹೇಳದೆ ಉಳಿಸಿದ್ದು, ಇದರಲ್ಲಿ ಯಾವುದು ತನ್ನ ಕೈ ಮಾಡಿದ್ದು, ಯಾವುದು ತಾನೇ ಮಾಡಿದ್ದು ಎಂದು ಕೇಳಿಕೊಳ್ಳುವ ಧೈರ್ಯ ಅವಳಿಗಿರಲಿಲ್ಲ.

ಸಾತನೂರು ಸರ್ಕಲ್ಲಿನಲ್ಲಿ ಡ್ರೈವರ್ ಟೆಂಪೋ ನಿಲ್ಲಿಸಿದ. "ಬೆಂಗಳೂರು ಬಸ್ ಇಲ್ಲೇ ಬರುತ್ತೆ ಅಕ್ಕ. ಆ ಪಾತ್ರೆ?"

"ನಮ್ಮದು" ಎಂದು ಅವಳು ಅದನ್ನೂ ಇಳಿಸಿಕೊಂಡಳು.

ಎದುರಿಗೆ ಇನ್ನೂ ತಂಡ ತಂಡವಾಗಿ ಜನ ಸಂಗಮದ ಕಡೆ ನಡೆದು ಹೋಗುತ್ತಿದ್ದರು. ಮಜ್ಜಿಗೆ ಕೊಡುತ್ತಿದ್ದವಳೊಬ್ಬಳು, "ಬೆಟ್ಟ ಆ ಕಡೆ ಆಂಟಿ!" ಎಂದು ನಗುತ್ತ ಕೂಗಿದಳು. ಶಶಿಕಲಾ ತಲೆಯಾಡಿಸಿದಳು. ಆಗ ಅವಳಿಗೆ ನೆನಪಾಯಿತು, ಮನೆಯಲ್ಲಿ ಉಪ್ಪಿಲ್ಲ.

ಬಸ್ ಸ್ಟಾಪಿನ ಹಿಂದೆಯೇ ಒಂದು ಅಂಗಡಿಯಿತ್ತು.

"ಉಪ್ಪು ಕೊಡಿ."

"ಕಲ್ಲುಪ್ಪಾ, ಪುಡಿಯುಪ್ಪಾ?"

ಏಳು ವರ್ಷದ ಹಿಂದೆ ಯಾವುದನ್ನು ತರುತ್ತಿದ್ದೆ ಎಂಬುದು ಅವಳಿಗೆ ತಕ್ಷಣ ಹೊಳೆಯಲಿಲ್ಲ. "ಯಾವುದಾದ್ರೂ. ಸಣ್ಣ ಪ್ಯಾಕೆಟ್ ಕೊಡಿ, ಸಾಕು."

"ಸಣ್ಣದು ಬರಲ್ಲ ಅಕ್ಕ. ಒಂದು ಕೆಜಿದೇ ಇರೋದು."

ಅಂಗಡಿಯವನು ಪ್ಯಾಕೆಟ್ಟನ್ನು ಹಲಗೆಯ ಮೇಲಿಟ್ಟ. ಅವಳು ಅದನ್ನು ಕೈಗೆತ್ತಿಕೊಳ್ಳದೆ, ಬಸ್ಸು ಬಂದು ಹಾರ್ನ್ ಹೊಡೆಯುವವರೆಗೂ ನೋಡುತ್ತ ನಿಂತಿದ್ದಳು. ಒಂದು ಕೆಜಿ. ಇಬ್ಬರು ಹೆಂಗಸರೇ ಇರುವ ಮನೆಯಲ್ಲಿ ಅದು ಮಳೆಗಾಲದವರೆಗೂ ಬರುತ್ತದೆ.